ಅಜ್ಜಿ ಆಗ ಏನಂದಿದ್ದು

ಅಜ್ಜಿ ಬಾಯಿ ತೆರೆದದ್ದು ಅರವತ್ತೊಂದು ವರ್ಷದ ಹಿಂದೆ. ಅದರ ಪೆಟ್ಟು ಮೊಮ್ಮಗನ ತಲೆಯ ಮೇಲೆ ಬಿದ್ದದ್ದು ಮಾತ್ರ ಒಂದು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ, ಅವನಿನ್ನೂ ಹಲ್ಲುಜ್ಜುತ್ತಿದ್ದಾಗ.

"ಸಂಜೆ ನಾನು ಬರಲ್ಲ ಕಣೋ" ಎಂದಳು ಅಜ್ಜಿ, ಕಾಫಿ ಲೋಟದೊಳಗೆ ನೋಡುತ್ತಾ.

ಮೊಮ್ಮಗನ ಬಾಯಿಯ ನೊರೆ ಅಂಗಿಯ ಮೇಲೆ ಇಳಿಯಿತು. ಸಂಜೆ ಆರು ಗಂಟೆಗೆ ಊರಿನ ಹಳೇ ಚಿತ್ರಮಂದಿರದಲ್ಲಿ ಅಜ್ಜಿಗೆ ಸನ್ಮಾನ. ಆಮಂತ್ರಣ ಹಂಚಿಯಾಗಿತ್ತು. ಮುಂದಿನ ಸಾಲಿನ ನಡುವಿನ ಕುರ್ಚಿಗೆ ಹೊಸ ಬಟ್ಟೆ ಹೊದಿಸಿಯಾಗಿತ್ತು. ಆ ಕುರ್ಚಿಯಲ್ಲಿ ಅಜ್ಜಿ ಕೂತು, ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ಒಂದೇ ಒಂದು ಸಲ ಕಣ್ಣಾರೆ ನೋಡಬೇಕು ಎನ್ನುವುದು ಅವನ ಆಸೆ. ಅವನಿಗೆ ಬೇರೆ ದೊಡ್ಡ ಆಸೆಗಳೇನೂ ಇರಲಿಲ್ಲ.

ಅವನು ಅದೇ ಚಿತ್ರಮಂದಿರದಲ್ಲಿ ಸ್ಲೈಡು ಬರೆಯುವವನು. ಅಂಗೈಯಗಲದ ಗಾಜಿಗೆ ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಸೂಜಿಯಿಂದ ಅಕ್ಷರ ಕೆರೆದರೆ ಒಂದು ಸ್ಲೈಡು. ಅದರ ಹಿಂದೆ ದೀಪ ಬಿಟ್ಟರೆ 'ಧೂಮಪಾನ ಮಾಡಬಾರದು' ಎಂಬುದು ಪರದೆಯ ಮೇಲೆ ಆಳೆತ್ತರಕ್ಕೆ ಹೊಳೆಯುತ್ತದೆ. ಇಪ್ಪತ್ತು ವರ್ಷ ಇದನ್ನೇ ಮಾಡಿ ಅವನಿಗೆ ಸ್ಲೈಡಣ್ಣ ಎಂದೇ ಹೆಸರು ಬಿದ್ದಿತ್ತು. ಯಾರು ಏನು ಹೇಳಿದರೂ ಹಾಗೇ ಬರೆದುಕೊಡುವ ಮನುಷ್ಯ. ಸ್ವಂತದ ಮಾತು ಅಂತ ಅವನು ಆಡಿದ್ದು ಕಡಿಮೆ.

ಅಜ್ಜಿಯ ಕತೆ ಬೇರೆ. ಅವಳು ಹದಿನೇಳಕ್ಕೆ ಮುಖಕ್ಕೆ ಬಣ್ಣ ಹಚ್ಚಿ ಇಪ್ಪತ್ತೊಂದಕ್ಕೆ ಒರೆಸಿದವಳು. ನಾಲ್ಕು ವರ್ಷ, ಹನ್ನೊಂದು ಮೂಕಿ ಚಿತ್ರ. ಸ್ಟುಡಿಯೋಗೆ ಸೂರೇ ಇರಲಿಲ್ಲವಂತೆ. ಮೇಲೆ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಸೋಸಿಕೊಳ್ಳುತ್ತಿದ್ದರು. ಮೋಡ ಕವಿದರೆ ರಾಜನಿಂದ ಹಿಡಿದು ಸೇವಕನವರೆಗೆ ಎಲ್ಲರಿಗೂ ರಜೆ. ಗಾಳಿ ಬೀಸಿದರೆ ಅರಮನೆಯ ಗೋಡೆ ಪಟಪಟ ಅನ್ನುತ್ತಿತ್ತು. ಅಳುವ ದೃಶ್ಯವಿದ್ದ ದಿನ ಪಕ್ಕದಲ್ಲಿ ಒಬ್ಬ ಪಿಟೀಲು ನುಡಿಸುತ್ತಿದ್ದ, ಎದುರಿಗೆ ಒಬ್ಬ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದ. ಇದನ್ನೆಲ್ಲ ಹೇಳುವಾಗ ಅಜ್ಜಿಯ ಕೈ ತಾನಾಗಿ ಗಾಳಿಯಲ್ಲಿ ತಿರುಗುತ್ತಿತ್ತು.

ಆಮೇಲೆ ಮಾತಿನ ಚಿತ್ರ ಬಂತು. ಧ್ವನಿ ಪರೀಕ್ಷೆಗೆ ಕರೆದರು. ಮೈಕಿನ ಮುಂದೆ ಅಜ್ಜಿ ನಾಲ್ಕು ಮಾತಾಡಿದಳು. ಗಾಜಿನ ಕೋಣೆಯೊಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖ ನೋಡಿ ಅರ್ಥ ಮಾಡಿಕೊಳ್ಳುವುದೇ ಕಸುಬಾಗಿದ್ದವಳಿಗೆ ಅಷ್ಟು ಸಾಕಾಯಿತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು. ಆಮೇಲೆ ಹತ್ತು ಚಿತ್ರಗಳ ರೀಲನ್ನು ಕರಗಿಸಿ ಬೆಳ್ಳಿ ತೆಗೆದುಕೊಂಡರಂತೆ, ಉಳಿದದ್ದರಲ್ಲಿ ಬಾಚಣಿಗೆ ಮಾಡಿದರಂತೆ. "ಎಲ್ಲೋ ಯಾರದೋ ತಲೆ ಬಾಚ್ತಾ ಇದೀನಿ ನಾನು" ಎಂದು ಅಜ್ಜಿ ನಗುತ್ತಿದ್ದಳು.

ಹನ್ನೊಂದನೆಯದನ್ನು ಅಂಚೆ ಕಚೇರಿಯ ಗುಮಾಸ್ತನೊಬ್ಬ ಹತ್ತೊಂಬತ್ತು ಸಲ ನೋಡಿದ್ದ. ಅದರ ಕೊನೆಯಲ್ಲಿ ಪ್ರಿಯಕರ ದೂರ ಹೋಗುತ್ತಾನೆ. ಅಜ್ಜಿಯ ಮುಖವೊಂದೇ ಪರದೆಯ ತುಂಬ ನಿಲ್ಲುತ್ತದೆ. ನೇರವಾಗಿ ಎದುರಿಗೆ ನೋಡುತ್ತಾ, ಅಳುತ್ತಾ, ಮುಕ್ಕಾಲು ನಿಮಿಷ ಏನೋ ಮಾತಾಡುತ್ತಾಳೆ. "ಆ ಹುಡುಗಿ ನನ್ನನ್ನೇ ನೋಡಿ ಅತ್ತಳು" ಎಂದು ಗುಮಾಸ್ತ ಸಾಯುವವರೆಗೂ ನಂಬಿದ್ದ. ಸಿನಿಮಾ ಬಿಟ್ಟ ಎರಡನೇ ವರ್ಷ ಅಜ್ಜಿಯ ಮನೆ ಹುಡುಕಿಕೊಂಡು ಬಂದು ಮದುವೆಯಾಗಿದ್ದ. ಅವನೇ ಸ್ಲೈಡಣ್ಣನ ಅಜ್ಜ.

ಈಗ ಆ ಹನ್ನೊಂದನೆಯ ಚಿತ್ರ ಯಾವುದೋ ಬೀಗ ಹಾಕಿದ ಉಗ್ರಾಣದಲ್ಲಿ ಸಿಕ್ಕಿತ್ತು. ಚಿತ್ರವೇನೋ ಗಟ್ಟಿಯಾಗಿತ್ತು, ಆದರೆ ನಡುನಡುವೆ ಮಾತು ಬರೆದು ತೋರಿಸುತ್ತಿದ್ದ ತುಂಡುಗಳನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಆ ಜಾಗಗಳಲ್ಲಿ ಚಿತ್ರ ನಿಲ್ಲಿಸಿ ಸ್ಲೈಡು ತೋರಿಸುವುದು ಎಂದು ಸನ್ಮಾನ ಸಮಿತಿ ತೀರ್ಮಾನಿಸಿತ್ತು. 'ಹತ್ತು ವರ್ಷಗಳ ನಂತರ' ಮುಂತಾದವನ್ನು ಊಹಿಸಿ ಬರೆದಾಗಿತ್ತು. ಉಳಿದದ್ದು ಆ ಅಳುವ ಜಾಗ.

"ಅಲ್ಲಿಗೆ ನಿಮ್ಮ ಮೇಷ್ಟ್ರು ಏನೋ ಬರೆದುಕೊಟ್ಟಿದ್ದಾರಂತಲ್ಲ" ಎಂದಳು ಅಜ್ಜಿ. "ನನ್ನ ಬಾಯಿಗೆ ಅವರ ಮಾತು ತುರುಕಿದ್ರೆ ನಾನು ಬರಲ್ಲ. ನಾನು ಆಗ ಏನಂದಿದ್ದೆನೋ ಅದನ್ನೇ ಹಾಕಿದ್ರೆ ಬರ್ತೀನಿ."

"ಏನಂದಿದ್ದೆ ಹೇಳು, ಈಗಲೇ ಬರೀತೀನಿ."

"ನೆನಪಿಲ್ಲ."

"ನಿನಗೇ ನೆನಪಿಲ್ಲದ್ದನ್ನ ನಾನೆಲ್ಲಿಂದ ತರಲಿ ಅಜ್ಜಿ?"

"ಅದು ನಿನಗೆ ಬಿಟ್ಟಿದ್ದಪ್ಪ" ಎಂದು ಅಜ್ಜಿ ನೆಮ್ಮದಿಯಾಗಿ ಕಾಫಿ ಕುಡಿದಳು.

ಸ್ಲೈಡಣ್ಣ ಚಿತ್ರಮಂದಿರಕ್ಕೆ ಓಡಿದ. ಸಮಿತಿ ಅಲ್ಲೇ ಇತ್ತು. ಸಮಿತಿಯೆಂದರೆ ಮೂರು ಜನ: ಮ್ಯಾನೇಜರು, ಅರ್ಧ ಊರಿಗೆ ಪಾಠ ಹೇಳಿದ್ದ ನಿವೃತ್ತ ಹೆಡ್‌ಮಾಸ್ಟರು, ಔಷಧಿ ಅಂಗಡಿಯ ಕಾಂಪೌಂಡರು. ಅಜ್ಜಿಯ ಷರತ್ತು ಕೇಳಿ ಮೂವರೂ ನಕ್ಕರು.

"ಅವರಿಗೇ ನೆನಪಿಲ್ಲ ಅಂದ್ಮೇಲೆ ಏನು ಹಾಕಿದ್ರೂ ಹೌದು ಅಂತಾರೆ ಬಿಡು" ಎಂದರು ಮೇಷ್ಟ್ರು. "ನನ್ನ ಸಾಲು ಬರಿ. 'ಎಲೈ ಕರ್ತವ್ಯಪರಾಯಣನೇ, ತೆರಳು; ಸಂಯಮದ ಹಣತೆಯನ್ನು ಹಿಡಿದು ನಾನು ನಿರೀಕ್ಷಿಸುವೆನು.'"

"ಸಾರ್, ಅಷ್ಟು ದೊಡ್ಡ ಮಾತು ಅಳ್ತಾ ಹೇಳೋಕಾಗಲ್ಲ, ಗಂಟಲು ಹಿಡ್ಕೊಳ್ಳುತ್ತೆ" ಎಂದ ಕಾಂಪೌಂಡರು. "ಚಿಕ್ಕದಾಗಿ ಹಾಕಿ. 'ಮೂರು ಹೊತ್ತೂ ನಿನ್ನದೇ ನೆನಪು, ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ.'"

ಮ್ಯಾನೇಜರಿಗೆ ತನ್ನದೂ ಒಂದು ಇರಲಿ ಅನಿಸಿತು. "'ಎಲ್ಲಿಗೇ ಹೋಗಿ, ಮತ್ತೆ ಇಲ್ಲಿಗೇ ಬನ್ನಿ.' ಚಿತ್ರಮಂದಿರಕ್ಕೂ ಹೊಂದುತ್ತೆ."

ಸ್ಲೈಡಣ್ಣ ಮೂರನ್ನೂ ಬರೆದ. ಬರೆಯುವುದು ಅವನ ಅಭ್ಯಾಸ. ಮೂರು ಗಾಜನ್ನೂ ಒಣಗಲು ಇಟ್ಟು ಹೊರಗೆ ಬಂದ. ಅಜ್ಜಿಯ ಮುಖ ಅವನ ಕಣ್ಣಿಗೆ ಕಟ್ಟಿತ್ತು. ವಾರದಿಂದ ಆ ತುಣುಕನ್ನು ನೂರು ಸಲ ನೋಡಿದ್ದ. ಅವಳ ತುಟಿ ಎಲ್ಲಿ ಕೂಡುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಅವನಿಗೆ ಬಾಯಿಪಾಠ. ಹಾಗೆಯೇ ತುಟಿ ಆಡಿಸಿದರೆ ಮಾತು ತಾನಾಗಿ ಹೊರಟೀತು ಎಂದುಕೊಂಡು ಪಾತ್ರೆ ಅಂಗಡಿಯ ದೊಡ್ಡ ಗಾಜಿನ ಮುಂದೆ ನಿಂತ. ಕಣ್ಣಲ್ಲಿ ಸ್ವಲ್ಪ ನೀರು ತಂದುಕೊಂಡು, ತುಟಿ ಕೂಡಿಸಿ, ಬಿಡಿಸಿ, ಮುಂದೆ ಚಾಚಿ, ಮತ್ತೆ ಕೂಡಿಸಿದ.

ಗಾಜಿನ ಆ ಕಡೆ ಕಾಂಪೌಂಡರ ಹೆಂಡತಿ ಬಾಣಲೆ ಆರಿಸುತ್ತಿದ್ದಳು.

ಮೊದಲ ಸಲ ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗಾದರೂ ಇರಬಹುದೆಂದು. ಎರಡನೆಯ ಸಲ ಬಾಣಲೆ ಹಿಡಿದುಕೊಂಡೇ ಹೊರಗೆ ಬಂದಳು.

"ನಾಚಿಕೆ ಆಗಲ್ವೇನ್ರೀ ನಿಮಗೆ? ಮನೇಲಿ ವಯಸ್ಸಾದ ಅಜ್ಜಿ ಇದಾರೆ, ನಡುಬೀದೀಲಿ ನಿಂತು ನನ್ನ ನೋಡಿ ತುಟಿ ಚಾಚ್ತೀರಲ್ಲ."

"ಇಲ್ಲ ಅಕ್ಕ, ಇದು ಅಜ್ಜಿ ತುಟಿ" ಎಂದ ಸ್ಲೈಡಣ್ಣ. ಅದರಿಂದ ಏನೂ ಉಪಯೋಗವಾಗಲಿಲ್ಲ.

ಜನ ಸೇರಿದರು. ಕಾಂಪೌಂಡರು ಅಂಗಡಿ ಬಿಟ್ಟು ಓಡಿ ಬಂದ. ಬಾಣಲೆ ಮೇಲೇರಿತು. ಅಷ್ಟರಲ್ಲಿ ಎದುರು ಸಾಲಿನಿಂದ ಒಂದು ಧ್ವನಿ ಬೀದಿಯನ್ನೇ ಸೀಳಿಕೊಂಡು ಬಂತು.

"ಬಿಡೇ ಅವನನ್ನ. ನಿನಗೇನೂ ಅಂದಿಲ್ಲ ಅವನು. 'ಹಂಡೆ ಮಗುಚಿ ಎಮ್ಮೆ ಓಡಿತು' ಅಂತಿದಾನೆ, ಪಾಪ. ಆಗಿಂದ ಗಾಜಲ್ಲಿ ಕಾಣ್ತಿದೆ ನನಗೆ, ಅದನ್ನೇ ಅಂತಿದಾನೆ."

ಕಾಜಾ ಅಕ್ಕ. ಅಂಗಿಗಳ ಗುಂಡಿತೂತಿಗೆ ದಾರ ಸುತ್ತಿ ಕಾಜಾ ಹಾಕಿಕೊಡುವವಳು, ಐವತ್ತೈದರ ಹೆಂಗಸು. ಚಿಕ್ಕಂದಿನಲ್ಲೇ ಕಿವಿ ಹೋಗಿತ್ತು. ಕಿವಿ ಹೋದದ್ದಕ್ಕೆ ಸರಿಯಾಗಿ ಕಣ್ಣು ಚುರುಕಾಗಿ, ಬೀದಿಯ ಆ ತುದಿಯಲ್ಲಿ ಯಾರಾದರೂ ಗುಸುಗುಸು ಅಂದರೂ ಈ ತುದಿಯಲ್ಲಿ ಕೂತು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಅವಳ ಅಂಗಡಿಯ ಮುಂದೆ ಹಾಯುವಾಗ ಊರಿನವರು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು.

ಸ್ಲೈಡಣ್ಣನಿಗೆ ಏಟು ತಪ್ಪಿದ್ದು ಗಮನಕ್ಕೇ ಬರಲಿಲ್ಲ. ಅವನು ಕಾಜಾ ಅಕ್ಕನನ್ನೇ ನೋಡುತ್ತಾ ನಿಂತ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವನ ಪಾಡು.

ಮಧ್ಯಾಹ್ನ ಮೂರಕ್ಕೆ ಖಾಲಿ ಹಾಲಿನಲ್ಲಿ ಆ ತುಣುಕನ್ನು ಓಡಿಸಿದರು. ಕಾಜಾ ಅಕ್ಕ ಮೊದಲ ಸಾಲಿನಲ್ಲಿ, ಅವಳ ಹಿಂದೆ ಸ್ಲೈಡಣ್ಣ ಮತ್ತು ಇಡೀ ಸಮಿತಿ. ಅಜ್ಜಿಯ ಹರೆಯದ ಮುಖ ಪರದೆಯ ಮೇಲೆ ಬಂತು, ಅತ್ತಿತು, ಮಾತಾಡಿತು, ಹೋಯಿತು.

"ಇನ್ನೊಂದ್ಸಲ" ಎಂದಳು ಕಾಜಾ ಅಕ್ಕ.

ಇನ್ನೊಂದು ಸಲ ಓಡಿಸಿದರು. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಹಿಂದೆ ತಿರುಗಿ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದಳು. ಮೇಷ್ಟ್ರ ಮುಖದ ಮೇಲೆ ಅವಳ ದೃಷ್ಟಿ ತುಸು ಹೆಚ್ಚು ಹೊತ್ತೇ ನಿಂತಿತು.

"ಏನು ಹೇಳ್ತಾರಕ್ಕ?" ಎಂದ ಸ್ಲೈಡಣ್ಣ, ಅವಳಿಗೆ ಕಾಣುವ ಹಾಗೆ ಬಾಯಿ ಬಿಡಿಸಿ.

"ಹದಿಮೂರೊಂದ್ಲಿ ಹದಿಮೂರು" ಎಂದಳು ಕಾಜಾ ಅಕ್ಕ. "ಹದಿಮೂರೆರಡ್ಲಿ ಇಪ್ಪತ್ತಾರು. ಹದಿಮೂರ್ಮೂರ್ಲಿ ಮೂವತ್ತೊಂಬತ್ತು."

"ಏನದು?"

"ಮಗ್ಗಿ. ಹದಿಮೂರರ ಮಗ್ಗಿ. ಹದಿಮೂರೆಂಟ್ಲಿ ನೂರಾನಾಲ್ಕು ಅಂತ ಅಲ್ಲಿಗೆ ನಿಲ್ಲಿಸ್ತಾರೆ."

ಎಲ್ಲರೂ ಮತ್ತೆ ಪರದೆಯ ಕಡೆ ನೋಡಿದರು.

"ಮಾತು ಕೇಳೋ ಹಾಗಿಲ್ಲವಲ್ಲ, ಬಾಯಾಡಿಸೋಕೆ ಏನೋ ಒಂದು ಹೇಳಿ ಅಂದಿರ್ತಾರೆ" ಎಂದ ಮ್ಯಾನೇಜರು ನಿಧಾನವಾಗಿ.

"ಅಸಂಬದ್ಧ" ಎಂದರು ಮೇಷ್ಟ್ರು. "ಮಗ್ಗಿ ಹೇಳ್ತಾ ಯಾರಾದ್ರೂ ಅಳ್ತಾರೇನು?"

"ನಿಮ್ಮ ಕ್ಲಾಸಲ್ಲಿ ನಾವೆಲ್ಲ ಅಳ್ತಾನೇ ಹೇಳಿದ್ದು ಸಾರ್" ಎಂದ ಕಾಂಪೌಂಡರು.

ಮೇಷ್ಟ್ರು ಎದ್ದು ನಿಂತರು. "ಆಗಿನ ಕಾಲಕ್ಕೆ ಊರಿಗೆ ಊರೇ ಕಣ್ಣೀರು ಹಾಕಿದ ದೃಶ್ಯ ಇದು. ಮಗ್ಗಿ ಹಾಕಿದ್ರೆ ಮರ್ಯಾದೆ ಹೋಗುತ್ತೆ. ನನ್ನ ಸಾಲೇ ಹಾಕು."

ಸ್ಲೈಡಣ್ಣನಿಗೆ ಅತ್ತ ದರಿ ಇತ್ತ ಪುಲಿ. ಮಗ್ಗಿ ಹಾಕಿದರೆ ಜನ ನಗುತ್ತಾರೆ, ಹಾಕದಿದ್ದರೆ ಅಜ್ಜಿ ಬರುವುದೇ ಇಲ್ಲ. ಅಜ್ಜ ಹತ್ತೊಂಬತ್ತು ಸಲ ಹೋಗಿ ಅತ್ತು ಬಂದದ್ದು ಹದಿಮೂರರ ಮಗ್ಗಿಗೋ ಎಂದು ಅವನಿಗೂ ಅನಿಸಿತು. ಆದರೂ ಮೂವತ್ತಾರು ವರ್ಷದ ಬಾಳಿನಲ್ಲಿ ಮೊದಲ ಸಲ ಹೇಳಿದ್ದನ್ನು ಬರೆಯಲಾರೆ ಎಂದ.

"ಅಜ್ಜಿ ಏನಂದಿದ್ದಾಳೋ ಅದೇ ಸಾರ್. ನಾನು ಅವಳಿಗೆ ಮಾತು ಕೊಟ್ಟಿದೀನಿ."

ಮೇಷ್ಟ್ರು ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಇನ್ನು ನಿನ್ನ ಹತ್ತಿರ ಮಾತಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದರು.

ಸ್ಲೈಡಣ್ಣ ಮಗ್ಗಿಯನ್ನು ಗಾಜಿನ ಮೇಲೆ ಎಂಟು ಸಾಲಾಗಿ ಕೆರೆದು, ಐದು ಗಂಟೆಗೆ ಮನೆಗೆ ಬಂದ.

"ಸಿಕ್ಕಿತು ಅಜ್ಜಿ, ನೀನು ಆಗ ಅಂದಿದ್ದು."

ಅಜ್ಜಿ ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು. "ಯಾರಿಗೆ ಸಿಕ್ಕಿತು?"

"ಕಾಜಾ ಅಕ್ಕ ತುಟಿ ನೋಡಿ ಹೇಳಿದ್ರು."

"ಎಲ್ಲರ ಮುಂದೇನಾ?"

"ಹೂಂ. ಸಮಿತಿಯವರೆಲ್ಲ ಇದ್ರು. ಸ್ಲೈಡೂ ಬರೆದಾಯ್ತು, ಅಲ್ಲೇ ನೋಡುವೆಯಂತೆ."

ಅಜ್ಜಿ ಮಂಚದ ಮೇಲೆ ಕೂತಳು. ಬಹಳ ಹೊತ್ತು ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿದಳು. ಆಮೇಲೆ ಎದ್ದು, ತಲೆ ಬಾಚಿಕೊಂಡು ಶಾಲು ಹೊದ್ದಳು. ದಾರಿಯುದ್ದಕ್ಕೂ ಮೊಮ್ಮಗನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ ಬಂದಳು. ಅವಳ ಕೈ ತಣ್ಣಗಿತ್ತು. ಸಂತೋಷಕ್ಕಿರಬೇಕು ಎಂದುಕೊಂಡ ಸ್ಲೈಡಣ್ಣ.

ಹಾಲು ಕಿಕ್ಕಿರಿದಿತ್ತು. ಹಳಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ದೀಪ ಆರಿತು, ಪಿಟೀಲು ಶುರುವಾಯಿತು, ಅಜ್ಜಿ ಹದಿನೇಳರಿಂದ ಇಪ್ಪತ್ತೊಂದರ ನಡುವೆ ಎಲ್ಲೋ ನಿಂತು ಪರದೆಯ ಮೇಲೆ ನಕ್ಕಳು. ಯಾರೋ ಮುದುಕರು ಕತ್ತಲಲ್ಲಿ ಆಹಾ ಎಂದರು. ಮೇಲೆ ಯಂತ್ರದ ಕೋಣೆಯಲ್ಲಿ ಸ್ಲೈಡಣ್ಣ ಗಡಿಬಿಡಿಯಲ್ಲಿ ಗಾಜುಗಳನ್ನು ಅದಲುಬದಲು ಮಾಡಿಕೊಂಡಿದ್ದ. ಪ್ರಿಯಕರ ಮೊದಲ ಸಲ ಅವಳ ಕೈ ಹಿಡಿದಾಗ 'ನಿನ್ನನ್ನು ಮರೆಯೆನು' ಎಂದು ಬರಬೇಕಾದಲ್ಲಿ 'ಹಲ್ಲು ನೋವೇ? ಇಂದೇ ಭೇಟಿ ಕೊಡಿ' ಎಂದು ಬಂತು. ಬೇಗ ಬದಲಿಸಿದ; 'ಹತ್ತು ವರ್ಷಗಳ ನಂತರ' ತಲೆಕೆಳಗಾಗಿ ಬಂತು. ಜನ ಕತ್ತು ಓರೆ ಮಾಡಿ ಓದಿಕೊಂಡರು.

ಕೊನೆಗೆ ಆ ಮುಖ ಬಂತು. ಅಜ್ಜಿಯ ತುಟಿ ತೆರೆಯುವಷ್ಟರಲ್ಲಿ ಆಪರೇಟರು ಚಿತ್ರ ನಿಲ್ಲಿಸಿದ. ಸ್ಲೈಡಣ್ಣ ಗಾಜು ತೂರಿಸಿದ. ಈ ಸಲ ನೆಟ್ಟಗೇ ಕೂತಿತು. ಹದಿಮೂರರ ಮಗ್ಗಿ, ಎಂಟು ಸಾಲು, ಆಳೆತ್ತರ.

ಮತ್ತೆ ಚಿತ್ರ ಓಡಿತು, ಅಜ್ಜಿ ಅಳುತ್ತಾ ಮಾತಾಡಿದಳು. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ, ಶಾಲೆಯ ರಾಗದಲ್ಲಿ, "ಹದಿಮೂರೊಂದ್ಲಿ ಹದಿಮೂರು" ಅಂದರು. ಎರಡನೆಯ ಸಾಲಿಗೆ ಹತ್ತು ದನಿ ಸೇರಿತು. ಐದಕ್ಕೆ ಬರುವಷ್ಟರಲ್ಲಿ ಇಡೀ ಹಾಲು ಪರದೆಯ ಮೇಲಿನ ತುಟಿಗಳ ಜೊತೆ ಮಗ್ಗಿ ಒಪ್ಪಿಸುತ್ತಿತ್ತು. ಐವತ್ತು ವರ್ಷ ದಾಟಿದವರೂ ಕೈಕಟ್ಟಿಕೊಂಡು ಹೇಳುತ್ತಿದ್ದರು. ಕೆಲವರು ನಗುತ್ತಿದ್ದರು, ಕೆಲವರು ಯಾಕೋ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸ್ಲೈಡಣ್ಣ ಕಿಂಡಿಯಿಂದ ಕೆಳಗೆ ನೋಡಿದ. ನಡುವಿನ ಕುರ್ಚಿಯಲ್ಲಿ ಅಜ್ಜಿ ಶಾಲಿನಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕುವ ಹಾಗೆ ನಗುತ್ತಿದ್ದಳು. ಅಷ್ಟು ನಗುವುದನ್ನು ಅವನು ಕಂಡಿರಲೇ ಇಲ್ಲ. ದೀಪ ಹತ್ತಿತು, ಹಾಲು ಎದ್ದು ನಿಂತಿತು, ಚಪ್ಪಾಳೆ ನಿಲ್ಲಲೇ ಇಲ್ಲ. ಕಿಂಡಿಯ ಈಚೆ ಅವನು ಒಬ್ಬನೇ ಅತ್ತ. ಸತ್ಯಕ್ಕೆ ನಿಂತೆ, ಗೆದ್ದೆ ಎಂದುಕೊಂಡ.

ಸನ್ಮಾನ ಮುಗಿದು, ಹೂಗುಚ್ಛ ಹಿಡಿದು ವೇದಿಕೆಯ ಮೆಟ್ಟಿಲಿಳಿಯುವಾಗ ಅಜ್ಜಿ, ಕೈಹಿಡಿದು ಇಳಿಸುತ್ತಿದ್ದ ಮೊಮ್ಮಗನ ಕಿವಿಯ ಹತ್ತಿರ ಬಗ್ಗಿದಳು.

"ಹದಿಮೂರರ ಮಗ್ಗಿ ಅಂದ್ರೆ ಹಿಂಗಿರುತ್ತೇನೋ? ಚೆನ್ನಾಗಿದೆ ಕಣೋ."

"ಅಂದ್ರೆ?"

"ನಾನು ಶಾಲೆಗೆ ಹೋಗಿದ್ದೇ ಮೂರು ತಿಂಗಳು. ಎರಡರ ಮಗ್ಗಿನೂ ನೆಟ್ಟಗೆ ಬರಲ್ಲ ನನಗೆ."

ಸ್ಲೈಡಣ್ಣನ ಕಾಲು ಮೆಟ್ಟಿಲ ಮೇಲೇ ನಿಂತಿತು. "ಹಾಗಾದ್ರೆ ಆಗ ನೀನು ಏನಂದಿದ್ದು?"

"ನೆನಪಿಲ್ಲ ಅಂದೆನಲ್ಲ."

"ಅಜ್ಜನಿಗೇ ಅಂದ ಹಾಗಿತ್ತು ಅಂತ ಅಜ್ಜ..."

"ನಿಮ್ಮಜ್ಜ ಆಗ ಎಲ್ಲಿದ್ದ? ಎದುರಿಗಿದ್ದವನು ಕ್ಯಾಮೆರಾ ತಿರುಗಿಸ್ತಿದ್ದವನು" ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. "ನಿಮ್ಮಜ್ಜ ಒಳ್ಳೇ ಮನುಷ್ಯ. ನನ್ನನ್ನ ಹೂವಿನ ಹಾಗೆ ನೋಡಿಕೊಂಡ. ಆಗದ ಷರತ್ತು ಹಾಕಿದ್ರೆ ಇವತ್ತಿನ ಗಲಾಟೆ ತಪ್ಪುತ್ತೆ ಅಂದ್ಕೊಂಡಿದ್ದೆ. ನೀನು ತುಟಿ ಓದೋವಳನ್ನೇ ಕರ್ಕೊಂಡು ಬರ್ತೀಯ ಅಂತ ನನಗೇನು ಗೊತ್ತು?"

ಸ್ಲೈಡಣ್ಣ ಜನರನ್ನು ತಳ್ಳಿಕೊಂಡು ಕಾಜಾ ಅಕ್ಕನ ಹತ್ತಿರ ಹೋದ. ಅವಳು ಕಂಬಕ್ಕೆ ಒರಗಿ ಕೂತಿದ್ದಳು.

"ಅಕ್ಕ, ಅಜ್ಜಿ ಮಗ್ಗಿ ಹೇಳೇ ಇಲ್ಲವಂತೆ. ಎಲ್ಲಿಂದ ಬಂತು ಅದು?"

"ನಂದೇ ಅದು" ಎಂದಳು ಕಾಜಾ ಅಕ್ಕ, ಈ ಸಲ ದನಿ ತಗ್ಗಿಸಿ. "ಹದಿಮೂರೆಂಟ್ಲಿವರೆಗೆ ಕಲಿತಿದ್ದೆ. ಅವತ್ತು ಸಂಜೆ ಜ್ವರ ಬಂತು, ಕಿವಿ ಹೋಯ್ತು. ನಿಮ್ಮ ಮೇಷ್ಟ್ರೇ ಹೇಳಿಕೊಡ್ತಿದ್ದಿದ್ದು, ನಾನು ಕಿವಿಯಾರೆ ಕೇಳಿದ ಕೊನೇ ಪಾಠ. ಅಷ್ಟು ಜನ ಗಂಡಸರು ನನ್ನ ಬಾಯಿ ನೋಡ್ತಾ ಕೂತಿದ್ರಿ. ಮೇಷ್ಟ್ರ ಮುಖ ಕಂಡ ತಕ್ಷಣ ಅದೇ ಬಾಯಿಗೆ ಬಂತು."

"ಅಜ್ಜಿ ನಿಜವಾಗಿ ಏನಂದಿದ್ದು ಅಂತ ನನಗೊಬ್ಬನಿಗೆ ಹೇಳಿ."

ಕಾಜಾ ಅಕ್ಕ ಮುಖವನ್ನು ಕಂಬದ ಆ ಕಡೆ ತಿರುಗಿಸಿಕೊಂಡಳು. "ಜೋರಾಗಿ ಹೇಳಪ್ಪ, ನನಗೆ ಕಿವಿ ಕೇಳಲ್ಲ."

ಅಜ್ಜಿ ಬಂದು ಅವಳ ಪಕ್ಕ ಕೂತಳು. ಹೂಗುಚ್ಛವನ್ನು ಅವಳ ಮಡಿಲಲ್ಲಿಟ್ಟು ಕೈ ಹಿಡಿದುಕೊಂಡಳು. ಇಬ್ಬರೂ ಮಾತಿಗೆ ತೊಡಗಿದರು. ಸದ್ದಿಲ್ಲ, ಬರೀ ತುಟಿ. ಅಜ್ಜಿ ಏನೋ ಕೇಳಿದಳು, ಕಾಜಾ ಅಕ್ಕ ಏನೋ ಅಂದಳು, ಅಜ್ಜಿಯ ಮುಖ ಕೆಂಪಾಯಿತು. ಎಂಬತ್ತೊಂದರ ಆ ಮುಖ ಈಗ ತಾನೇ ಪರದೆಯ ಮೇಲೆ ಕಂಡ ಹುಡುಗಿಯದೇ ಆಗಿತ್ತು. ಹತ್ತು ಅಡಿ ದೂರದಲ್ಲಿ ನಿಂತ ಮೊಮ್ಮಗನಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೋಪವೂ ಬರಲಿಲ್ಲ. ಅಜ್ಜನ ಬಗ್ಗೆ ಮಾತ್ರ ಸ್ವಲ್ಪ ಪಾಪ ಅನಿಸಿತು.

ಮ್ಯಾನೇಜರು ಹಿಂದಿನಿಂದ ಬಂದು ಅವನ ಬೆನ್ನು ತಟ್ಟಿದ.

"ಏ ಸ್ಲೈಡಣ್ಣ, ನಾಳೆಯಿಂದ ಒಂದು ವಾರ ಇದೇ ಚಿತ್ರ. ಜನ ಮಗ್ಗಿ ಅರ್ಧಕ್ಕೆ ನಿಂತುಹೋಯ್ತು ಅಂತ ಬೇಜಾರು ಮಾಡ್ಕೋತಿದಾರೆ. ಹತ್ತರವರೆಗೆ ಸೇರಿಸಿ ಬೇರೆ ಸ್ಲೈಡು ಬರಿ, ಈಗಲೇ."

"ಅಜ್ಜಿ ಅಷ್ಟೇ ಅಂದಿದ್ದು ಸಾರ್" ಎನ್ನಲು ಹೋಗಿ ಸ್ಲೈಡಣ್ಣ ಬಾಯಿ ಮುಚ್ಚಿಕೊಂಡ. ಒಳಗೆ ಹೋಗಿ, ಗಾಜಿಗೆ ಕಪ್ಪು ಬಳಿದು, ಒಣಗಿಸಿ, ಸೂಜಿ ಹಿಡಿದು ಕೂತ. ಎಂಟು ಸಾಲು ಕೆರೆದ ಮೇಲೆ ಕೈ ನಿಂತಿತು.

"ಹದಿಮೂರೊಂಬತ್ಲಿ ಎಷ್ಟು ಸಾರ್?"

ಮ್ಯಾನೇಜರು ಬೆರಳು ಮಡಿಸಿ ನೋಡಿದ, ಬಿಡಿಸಿ ನೋಡಿದ.

"ಮೇಷ್ಟ್ರನ್ನ ಕೇಳ್ಕೊಂಡು ಬಾ ಹೋಗು" ಎಂದ.